ಮುರಕ್ಕಬಾತಿನ ಬೇವಿನ ಹೂವು

2023ರ ಮಾರ್ಚಿನಲ್ಲಿ ಮೂರು ಹಬ್ಬಗಳು ಒಂದರ ಬೆನ್ನಿಗೆ ಒಂದು ಬಂದವು. 21ರ ಮಂಗಳವಾರ ಇರಾನಿಗಳ ನೌರೂಜ್, 22ರ ಬುಧವಾರ ನಮ್ಮ ಯುಗಾದಿ, 23ರ ಗುರುವಾರ ರಂಜಾನಿನ ಮೊದಲ ಉಪವಾಸ. ಒಂದು ಸೂರ್ಯನನ್ನು ನಂಬಿ ದಿನ ಎಣಿಸುತ್ತದೆ, ಇನ್ನೊಂದು ಚಂದ್ರನನ್ನು. ನಮ್ಮದು ಇಬ್ಬರಿಗೂ ರಾಜಿ ಮಾಡಿಸಿ ಎಣಿಸುತ್ತದೆ. ಹಿಜರಿ ಪಂಚಾಂಗ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಮೂರೂ ಹೀಗೆ ಸಾಲುಗಟ್ಟಿ ನಿಲ್ಲಬೇಕಾದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಆ ವಾರ ನಾನು ದುಬೈನ ಅಲ್ ಮುರಕ್ಕಬಾತಿನಲ್ಲಿ ತಮ್ಮನ ಮನೆಯಲ್ಲಿದ್ದೆ. ಮೂರೂ ಹಬ್ಬಗಳು ಒಂದೇ ಬೀದಿಯಲ್ಲಿ ನಡೆದದ್ದನ್ನು ಕಂಡೆ. ಮೂರಕ್ಕೂ ಅದರದರ ಹೂವಿತ್ತು.

ದುಬೈ ಎಂದರೆ ಬುರ್ಜ್ ಖಲೀಫಾ ಎಂದು ತಿಳಿದವರಿಗೆ ಮುರಕ್ಕಬಾತ್ ನಿರಾಸೆ ತರಬಹುದು. ಇದು ದುಬೈ ಖಾಡಿಯ ಈಚೆ ದಂಡೆಯ ದೇರಾದ ಭಾಗ. ಐದಾರು ಅಂತಸ್ತಿನ ಹಳೆಯ ಕಟ್ಟಡಗಳು, ಕಿಟಕಿ ಕಿಟಕಿಗೂ ತೊಟ್ಟಿಕ್ಕುವ ಏಸಿ ಪೆಟ್ಟಿಗೆಗಳು, ಕೆಳಗೆ ಅಂಗಡಿ ಸಾಲು. ಪಕ್ಕದಲ್ಲೇ 1981ರಷ್ಟು ಹಳೆಯ ಅಲ್ ಗುರೈರ್ ಸೆಂಟರ್, ಈ ಊರಿನ ಮೊದಲ ದೊಡ್ಡ ಮಾಲ್. ಸಿರಿಯಾದವರ ಸಿಹಿತಿಂಡಿ ಅಂಗಡಿ, ಇರಾಕಿಗಳ ಹೋಟೆಲಿನಲ್ಲಿ ಬೆಂಕಿಯ ಸುತ್ತ ನಿಲ್ಲಿಸಿ ಸುಡುವ ಮೀನು, ಫಿಲಿಪೀನೋ ಹೆಂಗಸರ ಸಲೂನು, ಮಲಯಾಳಿಗಳ ಕರಕ್ ಚಹಾ, ಇವೆಲ್ಲ ಒಂದೇ ಸಿಗ್ನಲ್ಲಿನ ಸುತ್ತ. ವಿಮಾನ ನಿಲ್ದಾಣ ತೀರಾ ಹತ್ತಿರ. ತಲೆಯ ಮೇಲೆ ವಿಮಾನಗಳು ಹೊಟ್ಟೆ ತೋರಿಸುತ್ತ ಇಳಿಯುತ್ತಿರುತ್ತವೆ. ಮೆಟ್ರೊದ ಹಸಿರು ಮಾರ್ಗದಲ್ಲಿ ಅಬು ಬಕರ್ ಅಲ್ ಸಿದ್ದಿಕ್ ನಿಲ್ದಾಣದಲ್ಲಿ ಇಳಿದರೆ ತಮ್ಮನ ಮನೆಗೆ ನಡೆಯುವ ದೂರ. ಹೂವು ನೋಡಲೆಂದು ಇಲ್ಲಿಗೆ ಯಾರೂ ಬರುವುದಿಲ್ಲ. ನಾನೂ ಬಂದದ್ದು ತಮ್ಮನ ಸಂಸಾರ ನೋಡಲಿಕ್ಕೆ.

ಆದರೆ ಮೊದಲ ಸಂಜೆ ನಡೆಯಲು ಹೊರಟಾಗಲೇ ಕಣ್ಣು ಕೋರೈಸಿತು. ರಸ್ತೆಯ ನಡುವಿನ ಪಟ್ಟಿಯ ತುಂಬ ಪೆಟೂನಿಯಾ: ಬಿಳಿ, ನೇರಳೆ, ರಾಣಿ ಬಣ್ಣ. ಸೀರೆಯ ಅಂಚಿನ ಹಾಗೆ ಗೆರೆ ತಪ್ಪದೆ ಹರಿದಿತ್ತು. ವೃತ್ತಗಳಲ್ಲಿ ನಮ್ಮ ಚೆಂಡು ಹೂವೂ ಇತ್ತು. ನಗರಸಭೆಯವರು ಚಳಿಗಾಲದ ಮೊದಲಿಗೆ ಸಸಿ ನೆಡಿಸುತ್ತಾರೆ. ಒಳಚರಂಡಿಯ ನೀರನ್ನು ಶುದ್ಧೀಕರಿಸಿ ಹನಿ ಕೊಳವೆಗಳಲ್ಲಿ ಹಾಯಿಸುತ್ತಾರೆ. ಮಳೆಯಿಲ್ಲದ ನಾಡು ಬೀದಿ ಬದಿಯಲ್ಲಿ ಇಷ್ಟು ಹೂವು ಅರಳಿಸುವುದು ಸಣ್ಣ ಸಾಧನೆಯಲ್ಲ. ಕೊಳವೆಗೆ ಬಗ್ಗಿ ಏನೋ ಸರಿಮಾಡುತ್ತಿದ್ದ ಒಬ್ಬ ಕೆಲಸಗಾರನನ್ನು ಮಾತಾಡಿಸಿದೆ. ಜಗಿತ್ಯಾಲ ಕಡೆಯವನು, ತೆಲಂಗಾಣ. ಆ ಸೀಮೆಯಿಂದ ಗಲ್ಫಿಗೆ ಬಂದವರು ಮನೆಗೊಬ್ಬರಂತೆ ಸಿಗುತ್ತಾರೆ. ನನ್ನ ಮುರುಕು ತೆಲುಗಿಗೆ ಅವನು ತನ್ನ ದಖನಿ ಸೇರಿಸಿ ಮಾತು ನಡೆಸಿದ. ಈ ಹೂವು ಎಷ್ಟು ದಿನ ಇರುತ್ತದೆ ಎಂದು ಕೇಳಿದೆ. "ಮೇ ತಿಂಗಳು ಬಂದರೆ ನಾವೇ ಕಿತ್ತು ಹಾಕ್ತೀವಿ ಸಾರ್. ಬಿಸಿಲಿಗೆ ನಿಲ್ಲೋದು ಬೇರೆ ಹೂವು" ಎಂದ. ನಿತ್ಯಪುಷ್ಪದಂಥ ಗಟ್ಟಿ ಜಾತಿಗಳು ಆಮೇಲೆ ಬರುತ್ತವೆ. ಅವನ ವಸತಿ ಸೋನಾಪುರದ ಕಾರ್ಮಿಕರ ಕ್ಯಾಂಪಿನಲ್ಲಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಯಾರನ್ನೂ ದುಡಿಸಬಾರದೆಂಬ ಕಾನೂನು ಆ ದೇಶದಲ್ಲಿದೆ. ಆ ಎರಡೂವರೆ ತಾಸು ಬಿಟ್ಟು ಉಳಿದ ಬಿಸಿಲು ಅವನದೇ. "ಯುಗಾದಿಗೆ ರಜೆ ಇದೆಯೇನಪ್ಪ?" ಎಂದೆ. ನಕ್ಕ. ಹಬ್ಬ ಬುಧವಾರ ಬಿದ್ದಿತ್ತು.

ತಮ್ಮ ನನ್ನನ್ನು ಮಿರಾಕಲ್ ಗಾರ್ಡನ್ನಿಗೂ ಕರೆದೊಯ್ದ. ಬಂದ ನೆಂಟರಿಗೆ ತೋರಿಸಲೇಬೇಕಾದ ಜಾಗವಂತೆ. 2013ರ ಫೆಬ್ರವರಿ 14ರಂದು ತೆರೆದದ್ದು, 72,000 ಚದರ ಮೀಟರ್, ಹದಿನೈದು ಕೋಟಿ ಹೂವುಗಳೆಂದು ಜಾಹೀರಾತು. ಒಂದಿಡೀ ಎ380 ವಿಮಾನದ ಆಕಾರಕ್ಕೆ ಹೂವು ತೊಡಿಸಿ ನಿಲ್ಲಿಸಿದ್ದಾರೆ. ನೋಡಿದೆ, ಫೋಟೊ ತೆಗೆಸಿಕೊಂಡೆ. ಅಷ್ಟು ಹೂವಿನ ನಡುವೆ ಒಂದೂ ಹೂವು ನನ್ನನ್ನು ಕಾಣಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಲ್ಲೇನೂ ಇಲ್ಲ.

ಬರೆಯಲೇಬೇಕಾದದ್ದು ಖರ್ಜೂರದ ಹೂವಿನ ಬಗ್ಗೆ. ಮುರಕ್ಕಬಾತಿನ ಪಕ್ಕಕ್ಕೇ ಅಲ್ ಮುತೀನಾ ರಸ್ತೆ. ಅದರ ನಡುಪಟ್ಟಿ ಅಗಲವಾದ ಹುಲ್ಲುಹಾಸು, ಉದ್ದಕ್ಕೂ ಖರ್ಜೂರದ ಮರಗಳು. ಒಂದು ಬೆಳಗ್ಗೆ ಏಣಿ ಹಾಕಿಕೊಂಡು ಒಬ್ಬ ಮರದ ನೆತ್ತಿಯಲ್ಲಿದ್ದ. ಗರಿ ಸವರುತ್ತಿದ್ದಾನೆಂದುಕೊಂಡು ಕೆಳಗೆ ನಿಂತು ನೋಡಿದರೆ, ಆಗಷ್ಟೇ ಬಿರಿದ ಹೊಂಬಾಳೆಯೊಳಗೆ ಇನ್ನೊಂದು ಮರದ ಹೂವಿನ ಎಳೆಗಳನ್ನು ಸಿಕ್ಕಿಸಿ, ಗರಿಯ ಸೀಳಿನಿಂದ ಸಡಿಲವಾಗಿ ಕಟ್ಟುತ್ತಿದ್ದ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಡಿನಲ್ಲಾದರೆ ಗಾಳಿ ಆ ಕೆಲಸ ಮಾಡುತ್ತದೆ. ಆದರೆ ಫಸಲು ಬೇಕೆಂದರೆ ಗಾಳಿಯನ್ನು ನಂಬಿ ಕೂರಲಾಗದು. ನಾಲ್ಕೈದು ಸಾವಿರ ವರ್ಷಗಳಿಂದ ಮೆಸೊಪೊಟೇಮಿಯಾದಿಂದ ಹಿಡಿದು ಈ ಕರಾವಳಿಯವರೆಗೆ ಮನುಷ್ಯರೇ ಮರ ಹತ್ತಿ ಪರಾಗ ಮುಟ್ಟಿಸುತ್ತ ಬಂದಿದ್ದಾರೆ. ಹೆಣ್ಣು ಹೊಂಬಾಳೆ ಬಿರಿದ ಕೆಲವೇ ದಿನಗಳಲ್ಲಿ ಇದು ಆಗಬೇಕು, ತಡವಾದರೆ ಕಾಯಿ ಕಟ್ಟುವುದಿಲ್ಲ. ಒಂದು ಗಂಡು ಮರದ ಹೂವು ನಲವತ್ತು ಐವತ್ತು ಹೆಣ್ಣು ಮರಗಳಿಗೆ ಸಾಕು. ಖರ್ಜೂರದ ಸುತ್ತಲಿನ ಈ ಎಲ್ಲ ಅರಿವನ್ನೂ ಪದ್ಧತಿಗಳನ್ನೂ ಯುನೆಸ್ಕೊ 2019ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಗದಗ ಸೀಮೆಯವನಾದ ನನಗೆ ಖರ್ಜೂರದ ಮರ ಪರಕೀಯವಲ್ಲ. ನಮ್ಮ ಹಳ್ಳದ ದಂಡೆಯ ಈಚಲು ಅದರ ಒಡಹುಟ್ಟು. ಅದೇ ಗರಿ, ಅದೇ ಮುಳ್ಳು. ಆದರೆ ಈಚಲಿನಿಂದ ನಾವು ಬಯಸಿದ್ದು ಚಾಪೆ, ಕಸಬರಿಗೆ, ಹೆಂಡ. ಇದಕ್ಕೆ ಹೀಗೊಂದು ಹೂವಿದೆ, ಆ ಹೂವಿಗೆ ಮನುಷ್ಯ ಹೀಗೆ ಪೌರೋಹಿತ್ಯ ಮಾಡುತ್ತಾನೆ ಎಂದು ಕೆಳಗೆ ನಿಂತು ನೋಡುವವರೆಗೆ ಗೊತ್ತಿರಲಿಲ್ಲ. ಹೊಂಬಾಳೆಯ ಎಳೆಗಳು ಕೆನೆಬಣ್ಣದವು, ಅಕ್ಕಿಕಾಳು ಪೋಣಿಸಿದಂತೆ. ಯಾರೂ ಫೋಟೊ ತೆಗೆಯದ ಹೂವು. ಪೆಟೂನಿಯಾ ಮೇ ತಿಂಗಳಿಗೆ ಮುಗಿಯುತ್ತದೆ. ಈ ಹೂವಿನ ಕೆಲಸ ಶುರುವಾಗುವುದೇ ಆಗ. ಮೇ, ಜೂನ್, ಜುಲೈಗಳ ಕಾದ ಗಾಳಿಯೇ ಅದರ ಕಾಯನ್ನು ಹಣ್ಣು ಮಾಡುತ್ತದೆ. ಬಿಸಿಲು ಹೆಚ್ಚಿದಷ್ಟೂ ಸಿಹಿ.

ನೌರೂಜ್ ಬಂದದ್ದು ನಡುರಾತ್ರಿ ಕಳೆದ ಮೇಲೆ. ಇರಾನಿಗಳಿಗೆ ಹೊಸ ವರ್ಷ ಸೂರ್ಯ ವಿಷುವದ್ವೃತ್ತ ದಾಟುವ ಕ್ಷಣಕ್ಕೆ ಸರಿಯಾಗಿ ಹುಟ್ಟುತ್ತದೆ. ಆ ವರ್ಷ ದುಬೈ ಗಡಿಯಾರದಲ್ಲಿ ಅದು ರಾತ್ರಿ 1 ಗಂಟೆ 24 ನಿಮಿಷ. ಹಿಂದಿನ ಸಂಜೆ ಮುರಕ್ಕಬಾತಿನ ಒಂದು ಇರಾನಿ ಕಿರಾಣಿ ಅಂಗಡಿಯ ಮುಂದೆ ಜಾತ್ರೆಯಂತೆ ಜನ. ತಟ್ಟೆಯಲ್ಲಿ ಮೊಳಕೆ ಬರಿಸಿದ ಗೋಧಿಯ ಪೈರು, ಅದಕ್ಕೆ ಕೆಂಪು ರಿಬ್ಬನ್ನು. ಪುಟ್ಟ ಕುಂಡಗಳಲ್ಲಿ ಸೊಂಬೊಲ್ ಹೂವು, ನೀಲಿ ಮತ್ತು ಗುಲಾಬಿ ಬಣ್ಣದ್ದು. ನಮ್ಮ ಸುಗಂಧರಾಜವನ್ನು ಕುಳ್ಳಾಗಿಸಿ ದಟ್ಟಗೊಳಿಸಿದರೆ ಹೀಗಿರಬಹುದು. ವಾಸನೆಯೂ ಹಾಗೇ ಅಮಲಿನದು. ಅಂಗಡಿಯವನು ದಕ್ಷಿಣ ಇರಾನಿನ ಲಾರ್ ಕಡೆಯವನು. ಹಿಂದಿ ಸಲೀಸಾಗಿ ಆಡುತ್ತಿದ್ದ. ಕೊಲ್ಲಿಯ ಈ ದಂಡೆಗೂ ಆ ದಂಡೆಗೂ ದೋಣಿ ವ್ಯಾಪಾರ ಇವರ ತಾತಂದಿರ ಕಾಲದ್ದು. ಮೇಜಿನ ಮೇಲೆ ಜೋಡಿಸುವ ಏಳು ವಸ್ತುಗಳನ್ನು ಅವನೇ ತೋರಿಸಿದ: ಪೈರು, ಮೊಳಕೆ ಗೋಧಿಯ ಸಿಹಿ ಪಾಯಸ, ಸೇಬು, ಬೆಳ್ಳುಳ್ಳಿ, ಒಣಗಿದ ಸೆಂಜೆದ್ ಹಣ್ಣು, ಹುಳಿಪುಡಿ, ವಿನೆಗರ್. ಸಿಹಿಯ ಪಕ್ಕ ಹುಳಿಯನ್ನೂ ಬೆಳ್ಳುಳ್ಳಿಯ ಖಾರವನ್ನೂ ಇಡುವ ಹಬ್ಬ. ಇದರ ಮರ್ಮ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹದಿಮೂರನೆಯ ದಿನ ಆ ಪೈರನ್ನು ಹರಿವ ನೀರಿಗೆ ಬಿಡುತ್ತಾರಂತೆ. ನಮ್ಮ ಕಡೆ ನವರಾತ್ರಿಗೆ ಘಟ್ಟ ಹಾಕಿ, ಮಣ್ಣಿನಲ್ಲಿ ಧಾನ್ಯ ಮೊಳೆಯಿಸಿ ಪೂಜಿಸುವುದು ನೆನಪಾಯಿತು. ಹಬ್ಬಗಳು ಒಂದರಿಂದ ಒಂದು ಕಲಿತವೋ ಇಲ್ಲವೋ, ಮಣ್ಣಿನಲ್ಲಿ ಕೈಯಿಟ್ಟವರೆಲ್ಲ ಕಡೆಗೆ ಒಂದೇ ಥರದ ದೇವರನ್ನು ಮಾಡಿಕೊಳ್ಳುತ್ತಾರೆ ಅನ್ನಿಸಿತು. ಆ ರಾತ್ರಿ ಒಂದೂವರೆಯ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಹೆಜ್ಜೆ ಸದ್ದು, ನಗು, ಮಕ್ಕಳ ಕೂಗು. ತಮ್ಮ ಮಗ್ಗುಲು ಬದಲಿಸಿ, "ಅವರ ಯುಗಾದಿ ಅಣ್ಣಾ, ಮಲ್ಕೊ" ಅಂದ.

ನಮ್ಮ ಯುಗಾದಿಗೆ ಬೇಕಾದದ್ದು ಬೇವಿನ ಹೂವು. ಉತ್ತರ ಕರ್ನಾಟಕದವರಿಗೆ ಇದರಲ್ಲಿ ವಿನಾಯಿತಿಯಿಲ್ಲ. ಮೈಸೂರು ಕಡೆಯವರು ಚಿಟಿಕೆ ಬೇವು, ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಹಬ್ಬ ಆಯಿತು. ನಮ್ಮಲ್ಲಿ ಬೇವನ್ನು ಕುಡಿಯಬೇಕು. ಬೆಲ್ಲದ ನೀರು, ಹೆರೆದ ಮಾವಿನಕಾಯಿ, ಹುಣಸೆಹುಳಿ, ಪುಟಾಣಿ ಹಿಟ್ಟು, ಗೋಡಂಬಿ, ದ್ರಾಕ್ಷಿ, ಉತ್ತತ್ತಿಯ ಚೂರು, ಮೇಲೆ ಕೈತುಂಬ ಬೇವಿನ ಹೂವು. ದೊಡ್ಡ ಪಾತ್ರೆಯಲ್ಲಿ ಮಾಡಿ ಬಂದವರಿಗೆಲ್ಲ ಲೋಟದಲ್ಲಿ ಕೊಡುತ್ತೇವೆ. ಕರಾಮಾದ ಅಂಗಡಿಗಳಲ್ಲಿ ಮಾವಿನೆಲೆ, ಬೇವು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತವೆ. ತಮ್ಮನ ಹೆಂಡತಿಗೆ ಅದು ಒಗ್ಗದು. "ಭಾವಾರ, ಪ್ಯಾಕೆಟ್ಟಿನ್ಯಾಗಿನ ಹೂ ಒಣಗಿ ಕಡ್ಡಿ ಆಗಿರ್ತಾವ್ರಿ. ಹಿಂದಿನ ಓಣ್ಯಾಗ ಗಿಡಾ ಐತಿ. ನಾತೂರನ್ನ ಕೇಳಿದ್ರ ಕೊಡ್ತಾನು" ಎಂದಳು.

ನಾತೂರ್ ಎಂದರೆ ಗಲ್ಫಿನಲ್ಲಿ ಕಟ್ಟಡದ ಕಾವಲುಗಾರ. ಹಿಂದಿನ ಓಣಿಯ ಹಳೆಯ ಕಟ್ಟಡದ ನಾತೂರ್ ಪೇಶಾವರ ಕಡೆಯ ಪಠಾಣ, ಬಿಳಿ ಗಡ್ಡ, ಕಾಲಿಗೆ ಹವಾಯಿ ಚಪ್ಪಲಿ. ಅವನ ಕೋಣೆಯ ಪಕ್ಕದಲ್ಲೇ ಬೇವಿನ ಮರ. ಏಸಿಯ ನೀರು ತೊಟ್ಟಿಕ್ಕಿ ಬೀಳುವ ಜಾಗದಲ್ಲಿ ಬೇರು ಬಿಟ್ಟು ಮೂರನೇ ಮಹಡಿಯವರೆಗೆ ಬೆಳೆದಿತ್ತು. ಕೊಂಬೆ ಕೊಂಬೆಗೂ ಬಿಳಿ ಗೊಂಚಲು. ವಾಸನೆ ಓಣಿಯ ತಿರುವಿಗೇ ಬಂದು ಮುಟ್ಟಿತು. ನಮ್ಮೂರ ಗುಡಿಯ ಕಟ್ಟೆಯಲ್ಲಿ ಬರುವಂಥದೇ, ಜೇನಿನ ಹಿಂದೆ ಸಣ್ಣ ಕಹಿ. ಇಲ್ಲಿ ಸಾರ್ವಜನಿಕ ಜಾಗದ ಗಿಡಮರಕ್ಕೆ ಕೈಹಾಕಿದರೆ ದಂಡ ಬೀಳುತ್ತದೆ. ಹಾಗಾಗಿ ಕೀಳುವ ಮಾತಿಲ್ಲ. ನಾನು ವಿಷಯ ಹೇಳುತ್ತಿದ್ದಂತೆ ಮುದುಕ ಅರ್ಧಕ್ಕೇ ಕೈ ಎತ್ತಿ, ಪ್ರತಿ ವರ್ಷ ಒಬ್ಬಿಬ್ಬರು ಬರುತ್ತಾರೆ ಎಂದ. ರಾತ್ರಿ ಮಲಗುವ ಮುಂಚೆ ತನ್ನದೇ ಒಂದು ಹಳೆಯ ಚಾದರವನ್ನು ಮರದಡಿ ಹಾಸಿದ. ಬೇವಿನ ಹೂವು ರಾತ್ರಿ ತಾನಾಗಿ ಉದುರುತ್ತದೆ. ಬೆಳಗ್ಗೆ ಐದಕ್ಕೆ ಹೋದಾಗ ಚಾದರದ ತುಂಬ ಹೂವಿತ್ತು. ಆ ಹೊತ್ತಿಗೆ ಫಜರ್ ನಮಾಜಿಗೆಂದು ಎದ್ದಿದ್ದ ಮುದುಕ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿಕೊಟ್ಟ. ದುಡ್ಡು ಕೊಡಹೋದರೆ ಬೈದ. ತನಗೆ ಆ ಮರದ ಕಡ್ಡಿ ಹಲ್ಲುಜ್ಜಲು, ನೆರಳು ಕೂರಲು, ಹೂವು ನಮಗೆ. ಲೆಕ್ಕ ಸರಿಯಾಗಿದೆ ಎಂಬ ಧಾಟಿ.

ಬೇವು ಅರಬ್ಬರ ನಾಡಿನ ಮರವಲ್ಲ, ನಮ್ಮ ಕಡೆಯಿಂದ ಹೋದದ್ದು. ಆದರೆ ಈಗ ಅದಕ್ಕೆ ಅಲ್ಲಿ ಪುಣ್ಯಕ್ಷೇತ್ರದಲ್ಲೇ ಜಾಗವಿದೆ. ಮೆಕ್ಕಾದ ಬಳಿ ಅರಫಾತ್ ಬಯಲಿನಲ್ಲಿ ಹಜ್ ಯಾತ್ರಿಗಳ ನೆರಳಿಗೆಂದು ಸುಮಾರು 50,000 ಬೇವಿನ ಮರಗಳನ್ನು ಬೆಳೆಸಿದ್ದಾರೆ. ಬಿಳಿ ಬಟ್ಟೆ ಸುತ್ತಿಕೊಂಡು ಬರುವ ಲಕ್ಷಾಂತರ ಜನ ಜೀವಮಾನದ ಪಾಪಕ್ಕೆ ಕ್ಷಮೆ ಕೇಳುತ್ತ ನಿಲ್ಲುವುದು ನಮ್ಮ ಯುಗಾದಿ ಮರದ ಕೆಳಗೆ. ಇದನ್ನು ಊರಲ್ಲಿ ಹೇಳಿದರೆ ನಂಬದವರೂ ಇದ್ದಾರೆ.

ಹೂವಿನ ಹಾರಕ್ಕೆ ಯುಗಾದಿಯ ಹಿಂದಿನ ದಿನವೇ ಖಾಡಿ ದಾಟಿದ್ದೆವು. ಒಂದು ದಿರ್ಹಾಮ್ ಕೊಟ್ಟರೆ ಅಬ್ರಾ ಎಂಬ ಮರದ ದೋಣಿ ದೇರಾದಿಂದ ಬರ್ ದುಬೈಗೆ ದಾಟಿಸುತ್ತದೆ. ಅಲ್ಲಿನ ಮಸೀದಿಯ ಹಿಂಭಾಗದ ಹಳೆಯ ದೇವಸ್ಥಾನದ ಗಲ್ಲಿಯಲ್ಲಿ ತೆಂಗಿನಕಾಯಿ, ಬಾಳೆಲೆ, ಕಮಲ, ಮಲ್ಲಿಗೆ. ಮಂಗಳೂರು ವಿಮಾನದಲ್ಲಿ ಬಂದ ಶಂಕರಪುರ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿದ್ದನ್ನು ನೋಡಿ ಉಡುಪಿಯ ಒಬ್ಬ ತಾಯಿ ಬೆಲೆ ಕೇಳದೆ ಮುಡಿಗೆ ಕೊಂಡರು. ಜಬಲ್ ಅಲಿಯಲ್ಲಿ ಹೊಸ ಹಿಂದೂ ದೇವಾಲಯ 2022ರ ಅಕ್ಟೋಬರಿನಲ್ಲೇ ತೆರೆದಿತ್ತು. ಹಬ್ಬದ ಸಂಜೆ ತಮ್ಮನ ಗೆಳೆಯರೆಲ್ಲ ಅಲ್ಲಿಗೇ ಹೋಗುವವರು. ನನಗೆ ಈ ಗಲ್ಲಿಯೇ ಸಾಕೆನಿಸಿತು.

ಯುಗಾದಿಯ ಬೆಳಗು ಅವಸರದ್ದು. ಐದೂವರೆಗೆ ಎಣ್ಣೆನೀರು, ಆರಕ್ಕೆ ಪೂಜೆ, ಆರೂವರೆಗೆ ಬೇವು, ಏಳಕ್ಕೆ ತಮ್ಮನ ಮಗಳ ಶಾಲಾ ಬಸ್ಸು, ಏಳೂವರೆಗೆ ಅವನ ಆಫೀಸು. ಸಂಘದವರ ಹಬ್ಬ, ಹೋಳಿಗೆ ಊಟ, ನಾಟಕ ಎಲ್ಲ ಮುಂದೆ ರಜೆ ಸಿಕ್ಕಾಗ. ಫೋನಿನಲ್ಲಿ ಬೇಂದ್ರೆಯವರ ಯುಗಾದಿ ಹಾಡು, ಎಸ್. ಜಾನಕಿ 1963ರ 'ಕುಲವಧು' ಚಿತ್ರಕ್ಕೆ ಹಾಡಿದ್ದು, ತಿರುತಿರುಗಿ ಬರುತ್ತಿತ್ತು. ಲೋಟ ಹಿಡಿದ ಮಗಳು ಮೇಲೆ ತೇಲುತ್ತಿದ್ದ ಹೂವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ನನ್ನನ್ನು ಕೇಳಿದಳು. ವಾರಕ್ಕೊಮ್ಮೆ ಕನ್ನಡ ಮಿತ್ರರು ನಡೆಸುವ ಕನ್ನಡ ಪಾಠಶಾಲೆಗೆ ಹೋಗುವವಳು, ಮಾತು ಮಾತ್ರ ಅವ್ವನದು. "ದೊಡ್ಡಪ್ಪಾ, ನಮ್ಮ ಸ್ಕೂಲ್ ಬುಕ್ಕಿನ್ಯಾಗ ಸ್ಪ್ರಿಂಗ್ ಅಂದ್ರ ಸ್ನೋ ಕರಗಿದ ಮ್ಯಾಲೆ ಬರತೈತಿ ಅಂತ ಐತಿ. ಇಲ್ಲಿ ಸ್ನೋನ ಇಲ್ಲ. ಮುಂದ ಬರೂದು ಬ್ಯಾಸಿಗಿ. ಮತ್ತ ಯಾಕ ಹ್ಯಾಪಿ?"

ಬಸ್ಸಿನ ಹಾರ್ನಾಯಿತು. ಅವಳು ಒಂದೇ ಗುಟುಕಿಗೆ ಬೇವು ಕುಡಿದು ಮುಖ ಕಿವುಚಿ ಓಡಿದಳು. ಪ್ರಶ್ನೆ ನನ್ನ ಬಳಿ ಉಳಿಯಿತು.

ಅವಳು ಕೇಳಿದ್ದು ಸರಿಯಾಗಿಯೇ ಇದೆ. ಹಿಮದ ನಾಡುಗಳಲ್ಲಿ ವಸಂತದ ಹೂವು ಕಷ್ಟ ಮುಗಿದುದರ ಗುರುತು. ಆರು ತಿಂಗಳ ಕತ್ತಲೆ, ಚಳಿ, ಬರಿದಾದ ಕೊಂಬೆ ಎಲ್ಲ ದಾಟಿದ ಮೇಲೆ ಅದು ಬರುತ್ತದೆ. ಅಲ್ಲಿನ ಭರವಸೆ ಕೂಡ ಅದೇ ಬಗೆಯದು: ಸತ್ತಂತಿದ್ದದ್ದು ಎದ್ದಿತು, ಇನ್ನು ಹೆದರಬೇಕಿಲ್ಲ. ಊದ್ ಮೇಥಾದ ಸೇಂಟ್ ಮೇರಿಸ್ ಚರ್ಚಿನಲ್ಲಿ ಆಗ ಈಸ್ಟರಿನ ಮುಂಚಿನ ಉಪವಾಸದ ದಿನಗಳು. ಮಂಗಳೂರಿನ ಕೊಂಕಣಿ ಕುಟುಂಬಗಳೂ ಅಲ್ಲಿಗೇ ಹೋಗುತ್ತವೆ. ಅವರ ಹಬ್ಬಕ್ಕೂ ಲಿಲಿ ಹೂವಿಗೂ ಇರುವ ನಂಟು ಅಂಥದ್ದು. ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಬಯಲುಸೀಮೆಯ ವಸಂತ ಹಾಗಲ್ಲ, ಅರೇಬಿಯದ್ದೂ ಅಲ್ಲ. ಗದಗಿನಲ್ಲಾಗಲಿ ಮುರಕ್ಕಬಾತಿನಲ್ಲಾಗಲಿ ಹೂವು ಬರುವುದು ಕಷ್ಟ ಮುಗಿದ ಮೇಲಲ್ಲ, ಕಷ್ಟ ಬಾಗಿಲಿಗೆ ಬಂದು ನಿಂತಾಗ. ಬೇವು, ಹೊಂಗೆ, ಮುತ್ತುಗ ಇವೆಲ್ಲ ಮುಂದಿನ ಎರಡು ತಿಂಗಳು ಬಾವಿ ಬತ್ತುತ್ತವೆ, ನೆಲ ಬಿರಿಯುತ್ತದೆ ಎನ್ನುವಾಗ ಅರಳುತ್ತವೆ. ಹೊಸ ಸಂವತ್ಸರವನ್ನು ನಮ್ಮ ಹಿರಿಯರು ಶುರುಮಾಡಿದ್ದೂ ಆ ಹೊತ್ತಿಗೇ. ಬರಿದಾದ ಹೊಲಕ್ಕೆ ಎತ್ತು ಹೂಡಿ ಹೊನ್ನಾರು ಕಟ್ಟಿದರು, ಮಳೆ ಇನ್ನೂ ಎರಡು ತಿಂಗಳು ದೂರ ಇರುವಾಗ. ಇದು ಗೆದ್ದವನ ಸಂಭ್ರಮವಲ್ಲ. ದೂರದ ದಾರಿಗೆ ಹೊರಟವನಿಗೆ ಅವ್ವ ಕಟ್ಟಿಕೊಡುವ ಬುತ್ತಿ. ಬುತ್ತಿಯಲ್ಲಿ ಕಹಿಯನ್ನೂ ಸೇರಿಸಿ ಕಟ್ಟಿದ್ದಾಳೆ, ದಾರಿ ಎಂಥದೆಂದು ಅವಳಿಗೆ ಗೊತ್ತು. ಬೇವು ತಿನ್ನುವಾಗ ಹೇಳುವ ಶ್ಲೋಕವೂ ಮೊದಲು ಕೇಳುವುದು ನೂರು ವರ್ಷದ ಆಯುಷ್ಯ, ವಜ್ರದಂಥ ಮೈ. ಅರಿಷ್ಟಗಳೆಲ್ಲ ನಾಶವಾಗಲಿ ಎಂಬುದು ಕೊನೆಗೆ.

ಗಲ್ಫಿನಲ್ಲಿ ದುಡಿಯುವವರ ನಡುವೆ ಕೂತು ಯೋಚಿಸಿದಾಗ ಇದು ಇನ್ನೂ ನಿಚ್ಚಳವಾಯಿತು. ಜಗಿತ್ಯಾಲದ ಆ ಕೆಲಸಗಾರನಿಗೆ ಮಾರ್ಚಿನ ಹೂವು ಬಿಡುಗಡೆಯ ಸುದ್ದಿ ತರುವುದಿಲ್ಲ. ಜೂನ್ ಬರುತ್ತದೆ, 45 ಡಿಗ್ರಿ ಬರುತ್ತದೆ, ಅವನು ಅದೇ ರಸ್ತೆಯ ನಡುವೆ ಇರುತ್ತಾನೆ. ಎಲ್ಲ ಸರಿಹೋಗುತ್ತದೆ ಎನ್ನುವ ಆಶಾವಾದ ಅವನ ಮುಂದೆ ನಿಲ್ಲುವುದಿಲ್ಲ. ನಿಲ್ಲುವುದಾದರೆ ಬೇವಿನ ಹೂವಿನ ಧೈರ್ಯವೇ: ಬಿಸಿಲು ಬರುತ್ತಿದೆ ಎಂದು ಗೊತ್ತಿದ್ದೂ ಅರಳುವುದು. ಅಧ್ಯಾತ್ಮ ಎಂಬ ದೊಡ್ಡ ಮಾತಿಗೆ ನಾನು ಸಾಮಾನ್ಯವಾಗಿ ಹೆದರುತ್ತೇನೆ. ಆದರೆ ಇದಕ್ಕೆ ಬೇರೆ ಹೆಸರು ತೋಚುತ್ತಿಲ್ಲ.

ಮರುದಿನ ರಂಜಾನ್. ಹಗಲೆಲ್ಲ ಕೆಲವು ಹೋಟೆಲುಗಳು ಪರದೆ ಎಳೆದುಕೊಂಡಿದ್ದವು. ಸಂಜೆ ಆರರ ನಂತರ ಮುರಕ್ಕಬಾತಿನ ಪಾದಚಾರಿ ದಾರಿಗಳೇ ಊಟದ ಪಂಕ್ತಿಗಳಾದವು. ಮಸೀದಿಯ ಮುಂದೆ ಉದ್ದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಪ್ರತಿಯೊಬ್ಬನ ಮುಂದೆ ಮೂರು ಖರ್ಜೂರ, ನೀರು, ಮಜ್ಜಿಗೆ, ಬಿರಿಯಾನಿ ಡಬ್ಬಿ. ಹಸಿದ ಹೊಟ್ಟೆಯವರು ಆಹಾರವನ್ನು ಕಣ್ಣೆದುರಿಟ್ಟುಕೊಂಡು ಮುಟ್ಟದೆ ಕೂತಿರುವುದು ನೋಡುವಂಥ ದೃಶ್ಯ. ಆರೂವರೆ ದಾಟಿದ್ದೇ ಅಜಾನ್ ಆಯಿತು, ಎಲ್ಲ ಕೈಗಳೂ ಒಟ್ಟಿಗೆ ಖರ್ಜೂರಕ್ಕೆ ಹೋದವು. ಹೋದ ವರ್ಷದ ಹೂವು, ಹೋದ ಬೇಸಿಗೆಯಲ್ಲಿ ಹಣ್ಣಾದದ್ದು. ಸಾಲಿನ ಕೊನೆಯಲ್ಲಿ ನಮ್ಮ ನಾತೂರ್ ಇದ್ದ. ನನ್ನನ್ನು ಕಂಡು ಜರುಗಿ ಜಾಗ ಮಾಡಿದ. ಉಪವಾಸ ಮಾಡದವನು ಕೂರಬಹುದೇ ಎಂಬ ನನ್ನ ಸಂಕೋಚಕ್ಕೆ ಅವನು ಸೊಪ್ಪು ಹಾಕಲಿಲ್ಲ. ಮೂರರಲ್ಲಿ ಒಂದನ್ನು ನನ್ನ ಅಂಗೈಗಿಟ್ಟ. ನಮ್ಮ ಬೇವಿನಲ್ಲಿ ನಿನ್ನೆ ಹಾಕಿದ್ದ ಉತ್ತತ್ತಿಯೂ ಇದೇ ಹಣ್ಣು, ಒಣಗಿದ್ದು.

ಹೊರಡುವ ಮುಂಚಿನ ಶನಿವಾರ ತಮ್ಮ ಮುಶ್ರಿಫ್ ಪಾರ್ಕಿಗೆ ಕರೆದೊಯ್ದ. ದೇರಾದಿಂದ ಖವಾನೀಜ್ ಕಡೆಗೆ ಅರ್ಧ ಗಂಟೆಯೊಳಗಿನ ದಾರಿ. ನೆಟ್ಟು ಬೆಳೆಸಿದ ತೋಟದ ಆಚೆಗೆ ತಾನೇ ಬೆಳೆದ ಮರಗಳ ಕಾಡೊಂದನ್ನು ಅಲ್ಲಿ ಕಾಪಾಡಿದ್ದಾರೆ. ಎಲ್ಲ ಗಾಫ್ ಮರಗಳು. ಸಂಯುಕ್ತ ಅರಬ್ ಎಮಿರೇಟ್ಸ್ 2008ರಲ್ಲಿ ಇದನ್ನು ರಾಷ್ಟ್ರೀಯ ವೃಕ್ಷವೆಂದು ಘೋಷಿಸಿತು. 2019ನ್ನು ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಇದರದೇ ಚಿತ್ರ ಲಾಂಛನವಾಯಿತು. ಜೋತುಬಿದ್ದ ಕೊಂಬೆ, ಬೂದಿ ಬಣ್ಣದ ತೊಗಟೆ, ಸಣ್ಣ ಎಲೆ, ಚಿಕ್ಕ ಮುಳ್ಳು, ಬೆರಳುದ್ದದ ಹಳದಿ ಹೂವಿನ ತೆನೆ. ನನಗೆ ಗುರುತು ಸಿಗಲು ಎರಡು ನಿಮಿಷ ಹಿಡಿಯಿತು, ಏಕೆಂದರೆ ನಾನು ಇದನ್ನು ನೋಡುವುದು ಯಾವಾಗಲೂ ವಿಜಯದಶಮಿಯ ಸಂಜೆ, ಹೂವಿಲ್ಲದ ಕಾಲದಲ್ಲಿ. ಇದು ಬನ್ನಿ. ಸಸ್ಯಶಾಸ್ತ್ರದ ಹೆಸರು ಪ್ರೊಸೋಪಿಸ್ ಸಿನರೇರಿಯಾ. ರಾಜಸ್ಥಾನದ ಖೇಜ್ರಿ ಕೂಡ ಇದೇ. 1730ರಲ್ಲಿ ಜೋಧಪುರದ ಬಳಿ 363 ಬಿಷ್ಣೋಯಿಗಳು ಅಪ್ಪಿಕೊಂಡು ಪ್ರಾಣ ಬಿಟ್ಟದ್ದು ಈ ಮರವನ್ನೇ. ನಮ್ಮಲ್ಲಿ ಕೆಲವು ಊರುಗಳಲ್ಲಿ ಬೇರೆ ಮುಳ್ಳಿನ ಮರವನ್ನೂ ಬನ್ನಿ ಎಂದು ಪೂಜಿಸುವುದುಂಟು. ಆದರೆ ನಮ್ಮೂರ ಬನ್ನಿಕಟ್ಟೆಯದು ಇದೇ ಜಾತಿ. ಎಲೆ ಕಿತ್ತು ಬೆರಳಲ್ಲಿ ತಿಕ್ಕಿ ನೋಡುವ ಆಸೆಯಾಯಿತು. ಇಲ್ಲಿ ಗಾಫ್ ಕಡಿಯುವುದು ಕಾನೂನಿನಂತೆ ಅಪರಾಧ. ಸುಮ್ಮನೆ ಕೈಮುಗಿದೆ.

ಪಾಂಡವರು ಅಜ್ಞಾತವಾಸದ ಒಂದು ವರ್ಷ ಆಯುಧಗಳನ್ನು ಕಟ್ಟಿಟ್ಟದ್ದು ಈ ಮರದಲ್ಲಿ. ರಾಜರಾಗಿದ್ದವರು ಅಡುಗೆಯವ, ಕುದುರೆಯವ, ದನ ಕಾಯುವವ, ನಾಟ್ಯದ ಗುರುವಾಗಿ ಪರರ ಊರಿನಲ್ಲಿ ಕೆಲಸಕ್ಕೆ ನಿಂತರು. ತಮ್ಮನ ಫ್ಲ್ಯಾಟಿನ ಸುತ್ತಮುತ್ತ ಊರಲ್ಲಿ ಶಾಲಾ ಮಾಸ್ತರನಾಗಿದ್ದು ಇಲ್ಲಿ ಗೋದಾಮಿನ ಲೆಕ್ಕ ಬರೆಯುವವನು, ಎಂಟೆಕರೆ ಹೊಲದ ಒಡೆಯನಾಗಿದ್ದು ಇಲ್ಲಿ ಟ್ಯಾಕ್ಸಿ ಓಡಿಸುವವನು ಇದ್ದಾರೆ. ಅವರಿಗೆಲ್ಲ ಈ ಮರ ಇಷ್ಟು ಹತ್ತಿರದಲ್ಲಿರುವುದು ತಿಳಿದೇ ಇರಲಿಲ್ಲ. ತಮ್ಮನಿಗೂ ತಿಳಿದಿರಲಿಲ್ಲ. ಗಾಫಿನ ಬೇರು ಮರಳಿನಡಿ ಮೂವತ್ತು ಮೀಟರಿನವರೆಗೂ ನೀರು ಹುಡುಕಿ ಇಳಿಯುತ್ತದೆ. ಯಾವ ಕೊಳವೆಯ ಹಂಗೂ ಇಲ್ಲದೆ ಬೇಸಿಗೆಯ ಮುಂಚೆ ಹೂ ಬಿಡುತ್ತದೆ. ತಮ್ಮ ಹೂವಿನ ತೆನೆಯನ್ನೇ ನೋಡುತ್ತ ನಿಂತು, ನಮ್ಮ ಕಡೆ ಬನ್ನಿ ಹಂಚುವಾಗ ಹೇಳುವ ಮಾತನ್ನು ಮಾರ್ಚ್ ತಿಂಗಳೆಂಬುದನ್ನೂ ಮರೆತು ಹೇಳಿದ: "ಬನ್ನಿ ತಗೊಂಡು ಬಂಗಾರದಂಗ ಇರೂಣು ಅಣ್ಣಾ."

ಮರಗಳ ನಡುವಿನ ಮರಳಿನಲ್ಲಿ ಹಳದಿ ಹೂವಿನ ಬಳ್ಳಿಯೂ ಹರಡಿತ್ತು. ನೆಗ್ಗಿಲು. ಊರಲ್ಲಿ ಬರಿಗಾಲಿಗೆ ಚುಚ್ಚಿ ಬೈಸಿಕೊಳ್ಳುವ ಅದೇ ಗಿಡದ ದಾಯಾದಿ, ಹೂವು ಮಾತ್ರ ಎರಡು ಮೂರು ಪಟ್ಟು ದೊಡ್ಡದು. ಇದನ್ನು ಇಲ್ಲಿನ ರಾಷ್ಟ್ರೀಯ ಪುಷ್ಪವೆಂದು ಕರೆಯುತ್ತಾರೆ. ಖಾಲಿ ಸೈಟುಗಳಲ್ಲಿ ಎಕ್ಕ ಇತ್ತು, ಅದಕ್ಕೂ ಆಗ ಹೂವು. ಬೇವು, ಬನ್ನಿ, ಎಕ್ಕ, ನೆಗ್ಗಿಲು. ನಮ್ಮ ಬೀಳು ಹೊಲದ ಬದುವಿನ ಅರ್ಧ ಸಂಸಾರ ಇಲ್ಲೇ ಇತ್ತು.

ಮಾರ್ಚ್ ನಡುವಿನಿಂದ ಏಪ್ರಿಲ್ ಮೊದಲ ವಾರದೊಳಗೆ ದುಬೈಗೆ ಹೋಗುವ ಕನ್ನಡಿಗರಿಗೆ ನನ್ನದೊಂದು ಮಾತು. ಹೂವಿನ ವಿಮಾನ ನೋಡುವವರು ನೋಡಿ, ಬೇಡ ಎನ್ನುವುದಿಲ್ಲ. ಆದರೆ ಒಂದು ಬೆಳಗನ್ನು ದೇರಾದ ಹಿಂದಿನ ಓಣಿಗಳಿಗೆ ಕೊಡಿ, ಇನ್ನೊಂದನ್ನು ಮುಶ್ರಿಫಿನ ಬನ್ನಿಗಳಿಗೆ. ಬಿಸಿಲೇರುವ ಮುಂಚೆ ಹೋಗಿ, ಕುಡಿಯುವ ನೀರು ಒಯ್ಯಿರಿ. ಎಲೆ, ಹೂವು ಕೀಳಬೇಡಿ. ಮರಕ್ಕೆ ಕೈಮುಗಿಯುವಾಗ ಭಕ್ತಿಯಿಂದ ಚಪ್ಪಲಿ ಬಿಡಬೇಕೆನಿಸಿದರೆ ಮೊದಲು ನೆಲ ನೋಡಿಕೊಳ್ಳಿ. ಅರಬ್ ನೆಗ್ಗಿಲಿನ ಮುಳ್ಳು ನಮ್ಮದಕ್ಕಿಂತ ಸಣ್ಣದೇನಲ್ಲ.